ಮಗ್ಗದ ಮನೆಗೆ ಕನ್ನಡಿ ನೆಲ

ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಬಿ.ಪಿ. ನನಗಿರುವುದು ಇಣುಕುವ ಕಾಯಿಲೆ. ಮುಚ್ಚಿಟ್ಟಿದ್ದನ್ನು ತೆರೆದು ನೋಡದಿದ್ದರೆ, ಹಸಿಯಿದ್ದದ್ದಕ್ಕೆ ಒಂದು ಬೆರಳು ತಾಗಿಸದಿದ್ದರೆ ನನಗೆ ಊಟ ಸೇರುವುದಿಲ್ಲ. ಚಿಕ್ಕವನಿದ್ದಾಗ ಹಿತ್ತಲಲ್ಲಿ ಹೆಸರುಕಾಳು ಬಿತ್ತಿದ್ದೆ. ಬಿತ್ತಿದವನು ಸುಮ್ಮನಿರಬೇಕಲ್ಲ? ದಿನಾ ಬೆಳಿಗ್ಗೆ ಮಣ್ಣು ಕೆದರಿ, ಕಾಳು ಹೊರತೆಗೆದು, ಮೊಳಕೆ ಎಲ್ಲಿಗೆ ಬಂತೆಂದು ವಿಚಾರಿಸಿ ಮತ್ತೆ ಮಲಗಿಸುತ್ತಿದ್ದೆ. ನನ್ನ ಕಾಟ ತಾಳಲಾರದೆ ಅವು ಮಣ್ಣಲ್ಲೇ ಪ್ರಾಣ ಬಿಟ್ಟವು. ಮದುವೆಯಾದ ಹೊಸತರಲ್ಲಿ ಹೆಂಡತಿ ಕಸ್ತೂರಿ ಒಲೆಯ ಮೇಲೆ ಇಡ್ಲಿ ಇಟ್ಟಿದ್ದಳು. ಹಿಟ್ಟು ಯಾವ ಗಳಿಗೆಯಲ್ಲಿ ಇಡ್ಲಿಯಾಗುತ್ತದೆ ಎಂಬುದನ್ನು ಕಣ್ಣಾರೆ ಕಾಣುವ ಆಸೆಯಿಂದ ನಾನು ಮತ್ತೆ ಮತ್ತೆ ಮುಚ್ಚಳ ತೆಗೆದೆ. ಅಂದು ನಾವು ತಿಂದದ್ದು ಇಡ್ಲಿಯೂ ಅಲ್ಲ, ಹಿಟ್ಟೂ ಅಲ್ಲ. "ನಿಮ್ಮ ಕೈಗೆ ಒಂದು ಕೀಲಿ ಹಾಕಬೇಕ್ರಿ" ಎಂದಳು. ಹಾಕಲಿಲ್ಲ. ಹಾಕಿದ್ದರೆ ನಮ್ಮ ಮನೆಯ ಮುಂದಿನ ಕೋಣೆ ಇದ್ದ ಹಾಗೇ ಇರುತ್ತಿತ್ತು, ನನ್ನ ಕಾರೂ ಸೂರಿನಡಿ ಇರುತ್ತಿತ್ತು.

ನಮ್ಮದು ಬನಹಟ್ಟಿ. ನೇಕಾರರ ಓಣಿಯಲ್ಲಿ ಮನೆ, ಜಮಖಂಡಿಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ನನ್ನ ನೌಕರಿ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಎರಡು ಮಗ್ಗಗಳಿದ್ದವು, ಕರೆಂಟಿನವು. ಅಪ್ಪ ಜೀವಮಾನವಿಡೀ ಅವನ್ನು ನಡೆಸಿದ. ಮೊಳಕಾಲು ಕೈಕೊಟ್ಟ ಮೇಲೆ ಅವು ತೇರದಾಳದ ಕಡೆಯವರೊಬ್ಬರ ಪಾಲಾದವು. ಖಾಲಿಯಾದ ಜಾಗಕ್ಕೆ ನನ್ನ ಸೆಕೆಂಡ್ ಹ್ಯಾಂಡ್ ಕಾರು ಬಂತು. ಕಾರು ಬಂದು ನಾಲ್ಕು ವರ್ಷವಾದರೂ ಆ ಕೋಣೆಯನ್ನು ಗ್ಯಾರೇಜು ಎಂದು ಕರೆಯುವವನು ಈ ಜಗತ್ತಿನಲ್ಲಿ ನಾನೊಬ್ಬನೇ. ಉಳಿದವರಿಗೆಲ್ಲ ಅದು ಮಗ್ಗದ ಮನಿ. "ಕಾರಿನ ಕೀಲಿ ಎಲ್ಲಿ?" ಎಂದರೆ, "ಮಗ್ಗದ ಮನ್ಯಾಗ ಗ್ವಾಡಿಗೆ ತೂಗಹಾಕೇನ್ರಿ" ಎನ್ನುತ್ತಾಳೆ ಕಸ್ತೂರಿ. "ಗ್ಯಾರೇಜಿನ್ಯಾಗ ಅನ್ನು" ಎಂದು ನಾನು ತಿದ್ದಿದರೆ, "ಹೂಂನ್ರಿ, ಮಗ್ಗದ ಮನಿ ಗ್ಯಾರೇಜಿನ್ಯಾಗ" ಎಂದು ಒಪ್ಪಿಕೊಂಡಂತೆ ಮಾಡಿ ತನ್ನ ಮಾತನ್ನೇ ಉಳಿಸಿಕೊಳ್ಳುತ್ತಾಳೆ. ಒಮ್ಮೆ ಆಫೀಸಿನ ಸಹೋದ್ಯೋಗಿಯೊಬ್ಬರು ಮನೆಗೆ ಬಂದು "ಗಾಡಿ ಎಲ್ಲಿ ಹಚ್ಚತೀರಿ?" ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಪ್ಪ "ಮಗ್ಗದ ಮನ್ಯಾಗ್ರಿ" ಎಂದುಬಿಟ್ಟ. ಅವರು ಹೋಗುವವರೆಗೂ ಮಗ್ಗ ಎಲ್ಲಿದೆ ಎಂದು ಅತ್ತಿತ್ತ ಕಣ್ಣಾಡಿಸುತ್ತಲೇ ಇದ್ದರು.

ಇಲ್ಲೊಂದು ಮಾತು ಹೇಳಬೇಕು. ಮಗ್ಗದ ಮನೆಯಲ್ಲಿ ಬೆಳೆದವರು ಮೆಲ್ಲಗೆ ಮಾತಾಡಲಾರರು. ಎರಡು ಮಗ್ಗಗಳ ಸದ್ದನ್ನು ದಾಟಿ "ಅವ್ವಾ, ಹಸಿವಿ" ಎಂದು ಹೇಳಬೇಕಾದರೆ ಎಷ್ಟು ಗಂಟಲು ಬೇಕೆಂದು ಲೆಕ್ಕ ಹಾಕಿ. ಮಗ್ಗ ಹೋದರೂ ಗಂಟಲು ಉಳಿಯಿತು. ನಾನು ಆಫೀಸಿನಲ್ಲಿ ಗಿರಾಕಿಗೆ "ಬರ್ರಿ, ಕುಂದರ್ರಿ" ಎಂದರೆ ಸಾಲಿನಲ್ಲಿ ಹಿಂದೆ ನಿಂತವರು ಜಗಳ ಶುರುವಾಯಿತೆಂದು ಬಾಗಿಲ ಕಡೆ ಸರಿಯುತ್ತಾರೆ. ನಮ್ಮ ಮನೆಯಲ್ಲಿ ಗುಟ್ಟು ಎಂಬುದೇ ಇಲ್ಲ. ಗಂಡ ಹೆಂಡತಿಯ ಪಿಸುಮಾತು ಮೂರನೆಯ ಮನೆಯವರಿಗೆ ಕೇಳುತ್ತದೆ, ಅವರ ಅಭಿಪ್ರಾಯ ನಮಗೆ ಕೇಳುತ್ತದೆ. ಹಾಗಾಗಿ ಮುಂದೆ ಹೇಳಲಿರುವ ಪ್ರಸಂಗದಲ್ಲಿ ಇಡೀ ಓಣಿ ಪಾಲುದಾರ ಎಂದೇ ತಿಳಿಯಬೇಕು.

ಆ ಕೋಣೆಯ ನೆಲ ನೋಡುವಂತಿರಲಿಲ್ಲ. ಮಗ್ಗಗಳು ವರ್ಷಗಟ್ಟಲೆ ಸುರಿಸಿದ ಎಣ್ಣೆ ಸಿಮೆಂಟಿನೊಳಗೆ ಇಳಿದು ಕರಿ ಕರಿ ಮಚ್ಚೆಗಳಾಗಿದ್ದವು. ಮಗ್ಗಗಳನ್ನು ಬಿಗಿದಿದ್ದ ಬೋಲ್ಟುಗಳು ಅಲ್ಲಲ್ಲಿ ತಲೆ ಎತ್ತಿಕೊಂಡು ನಿಂತಿದ್ದವು, ಬರಿಗಾಲಿನವರನ್ನೇ ಕಾಯುತ್ತಿದ್ದವು. ನಾನು ಕಾರು ಒಳಗೆ ತಂದಾಗ ಎದ್ದ ಸಿಮೆಂಟಿನ ಧೂಳು ಅಡಿಗೆ ಮನೆಯವರೆಗೆ ನಡೆದು ಬರುತ್ತಿತ್ತು. ಇದರ ಮೇಲೆ ಇನ್ನೊಂದು ತಾಪತ್ರಯ. ದಿನಾ ಬೆಳಿಗ್ಗೆ ನೋಡಿದರೆ ಕಾರಿನ ಮುಂದಿನ ಗಾಲಿ ಒದ್ದೆಯಾಗಿರುತ್ತಿತ್ತು. ಶಟರ್ ನೆಲಕ್ಕೆ ಪೂರ್ತಿ ಕೂಡುವುದಿಲ್ಲ, ಸಂದಿಯಿದೆ. ನಮ್ಮ ಓಣಿಯಲ್ಲೊಂದು ಕಂದು ನಾಯಿಯಿದೆ. ಇವೆರಡನ್ನೂ ಕೂಡಿಸಿ ನೋಡಿದ ನಾನು ನಾಲ್ಕು ವರ್ಷ ಆ ನಾಯಿಯನ್ನು ಕಂಡಲ್ಲಿ ಗದರಿಸಿದೆ, ಕೈಗೆ ಸಿಕ್ಕಿದ್ದನ್ನು ಎಸೆದೆ. ಅದು ಪ್ರತಿಸಲವೂ ಸ್ವಲ್ಪ ದೂರ ಓಡಿ, ತಿರುಗಿ ನಿಂತು, ನಾನೇನು ಮಾಡಿದೆ ಎಂಬಂತೆ ನೋಡುತ್ತಿತ್ತು. ಎಂಥ ನಾಟಕದ ನಾಯಿ ಎಂದುಕೊಳ್ಳುತ್ತಿದ್ದೆ.

ಕಸ್ತೂರಿಗೆ ಆ ಕೋಣೆಯ ಮೇಲೆ ಬೇರೆಯೇ ಕಣ್ಣಿತ್ತು. ಅವಳು ಓಣಿಯ ಮಗ್ಗಗಳಿಂದ ಸೀರೆ ತಂದು ಪರಿಚಯದ ಹೆಣ್ಣುಮಕ್ಕಳಿಗೆ ಮಾರುತ್ತಾಳೆ. ಮುಧೋಳ, ಬೀಳಗಿಯಿಂದಲೂ ಬಂದು ಒಯ್ಯುತ್ತಾರೆ. ಆದರೆ ಅಂಗಡಿ ಎಂದರೆ ಅಡಿಗೆ ಮನೆಯ ಪಕ್ಕದ ಓಡಾಡುವ ದಾರಿ; ಜೋಳದ ಚೀಲದ ಮೇಲೆ ಸೀರೆ ಹರಡಬೇಕು. ಕೊಳ್ಳಲು ಬಂದವರು ಸೆರಗು ನೋಡುವುದರೊಳಗೆ ಒಗ್ಗರಣೆ ಘಾಟಿಗೆ ಸೀನುತ್ತಾರೆ. "ಕಾರಿಗೆ ಒಂದ ಖೋಲಿ, ಸೀರಿಗೆ ಜ್ವಾಳದ ಚೀಲ. ಇದ್ಯಾವ ನ್ಯಾಯರೀ?" ಎಂದು ಅವಳು ಕೇಳದ ವಾರವಿಲ್ಲ. ಕಾರಿಗೆ ಮಳೆ ಬಿಸಿಲು ತಾಗಬಾರದು ಎಂದು ನಾನು. ಇಲ್ಲಿ ಮಳೆ ಎಲ್ಲಿ ಬರುತ್ತದೆ ಎಂದು ಅವಳು. ವಾದ ಅಲ್ಲಿಗೆ ನಿಲ್ಲುತ್ತಿತ್ತು, ಕಾರೂ ಅಲ್ಲೇ ನಿಲ್ಲುತ್ತಿತ್ತು.

ಹೀಗಿರುವಾಗ ಮೊಬೈಲಿನಲ್ಲಿ ಒಂದು ವಿಡಿಯೋ ಕಂಡೆ. ಯಾವುದೋ ದೇಶದ ಒಬ್ಬ ಮನುಷ್ಯ ತನ್ನ ಗ್ಯಾರೇಜಿನ ಹಾಳು ನೆಲದ ಮೇಲೆ ಏನನ್ನೋ ಸುರಿದು ರೋಲರಿನಿಂದ ಎಳೆಯುತ್ತಾನೆ. ಮರುದಿನ ಆ ನೆಲದಲ್ಲಿ ಅವನ ಕಾರು ತಲೆಕೆಳಗಾಗಿ ಕಾಣಿಸುತ್ತದೆ. ಅವನು ಬಗ್ಗಿ ನೆಲದಲ್ಲೇ ತಲೆ ಬಾಚಿಕೊಳ್ಳುತ್ತಾನೆ. ಎಪಾಕ್ಸಿ ಎಂದು ಅದರ ಹೆಸರು. ಎರಡು ಡಬ್ಬಿಗಳಿರುತ್ತವೆ. ಒಂದರಲ್ಲಿ ಬೆಲ್ಲದ ಪಾಕದಂಥದ್ದು, ಇನ್ನೊಂದರಲ್ಲಿ ತೆಳ್ಳಗಿನ ದ್ರವ. ಬೇರೆ ಬೇರೆ ಇಟ್ಟರೆ ಎರಡೂ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತವೆ. ಕೂಡಿಸಿ ಕಲಕಿದಿರೋ, ಒಳಗೆ ಕಾವು ಹುಟ್ಟಿ, ನೋಡನೋಡುತ್ತ ಗಟ್ಟಿಯಾಗಿ ಕಲ್ಲಾಗುತ್ತವೆ. ಎರಡು ನೀರು ಕೂಡಿ ಕಲ್ಲು! ಇದು ತಿಳಿದ ಮೇಲೆ ನನ್ನ ಕಾಯಿಲೆಯವನು ಸುಮ್ಮನಿರುವುದು ಹೇಗೆ? ಆಫೀಸಿನಲ್ಲಿ ಕೂತರೂ ಅದೇ ಯೋಚನೆ. ಯಾವ ಗಳಿಗೆಯಲ್ಲಿ ಅದು ನೀರಾಗಿರುವುದನ್ನು ಬಿಟ್ಟು ಕಲ್ಲಾಗಲು ಮನಸ್ಸು ಮಾಡುತ್ತದೆ? ನಡುವೆ ಬೆರಳಿಟ್ಟರೆ ಹೇಗಿರುತ್ತದೆ?

ಮನೆಯಲ್ಲಿ ವಿಷಯ ಎತ್ತಿದೆ. ಕನ್ನಡಿಯಂಥ ನೆಲ ಬಂದರೆ ಧೂಳಿಲ್ಲ, ಎಣ್ಣೆ ಮಚ್ಚೆಯಿಲ್ಲ, ಆಗಲಾದರೂ ನೀವೆಲ್ಲ ಅದನ್ನು ಗ್ಯಾರೇಜು ಎನ್ನುತ್ತೀರಿ ಎಂದೆ. ಕಸ್ತೂರಿ ಕೈಯೊರೆಸಿಕೊಂಡು ಎದುರಿಗೆ ಬಂದಳು. "ಆತು, ಮಾಡ್ರಿ. ಕನ್ನಡಿ ಆದ್ರ ಆ ಖೋಲಿ ನಿಮ್ದು, ಇನ್ನ ನಾ ಸೀರಿ ಸುದ್ದಿ ತಗ್ಯಾಂಗಿಲ್ಲ. ಕೆಡ್ತೋ, ಕಾರು ಹೊರಗ, ಸೀರಿ ಒಳಗ. ಒಪ್ಪಿಗಿ?" ಎಂದಳು. ಒಪ್ಪಿದೆ. ಗೋಡೆಯಾಚೆಯಿಂದ ಪಕ್ಕದ ಮನೆಯವರೂ "ನಾವು ಸಾಕ್ಷಿ ಅದೇವ್ರಿ" ಎಂದು ಕೂಗಿದರು. ಅಪ್ಪ ಮಾತ್ರ ನಾನು ಮೊಬೈಲಿನಲ್ಲಿ ತೋರಿಸಿದ ಬಣ್ಣಗಳ ಪಟ್ಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. ನಾನು ಆರಿಸಿದ್ದು ಬೂದು ನೀಲಿ. "ದಡಿ ಯಾವ ಬಣ್ಣದ್ದಲೇ ಈಶ್ವರಾ?" ಎಂದು ಕೇಳಿದ. ನೆಲಕ್ಕೆ ಸೀರೆಯ ಅಂಚಿನ ಹಾಗೆ ದಡಿ ಇರುವುದಿಲ್ಲ ಅಪ್ಪಾ ಎಂದೆ. "ದಡಿ ಇಲ್ಲ, ಸೆರಗಿಲ್ಲ. ಬರೇ ಮೈ ನೇದು ಬಿಡತೀಯೇನು?" ಎಂದು ಮೊಬೈಲು ಮರಳಿ ಕೊಟ್ಟ. ಅವನ ಲೆಕ್ಕದಲ್ಲಿ ಆ ಕೆಲಸ ಅರ್ಧದ್ದೇ.

ಜಮಖಂಡಿಯ ಬಣ್ಣದ ಅಂಗಡಿಯವನು ನನ್ನನ್ನು ಕುತೂಹಲದಿಂದ ನೋಡಿದ. ಆಸ್ಪತ್ರೆಯವರು, ಹಾಲಿನ ಡೇರಿಯವರು ಇದನ್ನು ಕೇಳುತ್ತಾರಂತೆ. "ಮನಿಗೆ ಯಾರೂ ಕೇಳಿಲ್ರಿ. ನೀವು ಆಸ್ಪತ್ರಿ ತಗೀತೀರೇನ್ರಿ?" ಎಂದ. ಇಲ್ಲ, ಗ್ಯಾರೇಜಿಗೆ ಎಂದೆ. ಅವನಾದರೂ ಆ ಪದವನ್ನು ಸಲೀಸಾಗಿ ಒಪ್ಪಿಕೊಂಡಿದ್ದು ನೋಡಿ ಸಂತೋಷವಾಗಿ ಡಬ್ಬಿಗಳನ್ನು ಸ್ವಲ್ಪ ಜಾಸ್ತಿಯೇ ತಂದೆ. ಸಹಾಯಕ್ಕೆ ಮುಧೋಳದಿಂದ ಕಸ್ತೂರಿಯ ತಮ್ಮ ಶ್ರೀಶೈಲ ಬಂದ. ಅವನದು ಬೋರ್‌ವೆಲ್ ಮೋಟರು ರಿಪೇರಿ ಮಾಡುವ ಅಂಗಡಿ. ಎಪಾಕ್ಸಿಯನ್ನು ಅವನೂ ಕಂಡವನಲ್ಲ. ಆದರೆ ಕಂಡಿಲ್ಲ ಎಂದು ಒಪ್ಪಿಕೊಳ್ಳುವ ಜಾತಿಯಲ್ಲ. "ಮಾಮಾ, ಇದು ನಮ್ಮ ಮೋಟರಿಗೆ ಹೊಡಿಯೂ ವಾರ್ನಿಶಿನ ದೊಡ್ಡಪ್ಪನ ಮಗ. ನೀವು ಚಿಂತಿ ಬಿಡ್ರಿ" ಎಂದ. ಅವನು ಬಿಡು ಎಂದಾಗಲೆಲ್ಲ ನನಗೆ ಚಿಂತೆ ಹತ್ತುವುದು ಹಳೆಯ ಅಭ್ಯಾಸ.

ಬಳಿಯುವುದು ಸುಲಭ, ನೆಲವನ್ನು ಒಪ್ಪಿಸುವುದು ಕಷ್ಟ ಎಂದು ಆಮೇಲೆ ತಿಳಿಯಿತು. ಎಣ್ಣೆ ಇದ್ದರೆ ಎಪಾಕ್ಸಿ ಅಂಟುವುದಿಲ್ಲ. ಸೋಡಾ ಹಾಕಿ ತಿಕ್ಕಿದೆವು, ಮಷಿನ್ ಹಿಡಿದು ಉಜ್ಜಿದೆವು. ಮೇಲಿನ ಎಣ್ಣೆ ತೆಗೆದರೆ ಕೆಳಗಿನ ಎಣ್ಣೆ, ಅದನ್ನು ತೆಗೆದರೆ ಅದಕ್ಕೂ ಹಿಂದಿನದು. ನಾನು ಸಾಲೆಗೆ ಹೋಗುವಾಗಿನ ಎಣ್ಣೆ, ಹುಟ್ಟುವ ಮೊದಲಿನ ಎಣ್ಣೆ ಎಂದು ಒಂದೊಂದೇ ಪದರ ನೋಡುತ್ತ ನಾನು ಮೈಮರೆತು ಕೂರುತ್ತಿದ್ದೆ. ಶ್ರೀಶೈಲ ಬೋಲ್ಟುಗಳನ್ನು ನೆಲಮಟ್ಟಕ್ಕೆ ಕತ್ತರಿಸಿ, ತೂತುಗಳಿಗೆ ಪುಟ್ಟಿಯ ಲಪ್ಪ ತುಂಬಿ ಸಮ ಮಾಡಿದ. ಕಿಡಿ ಹಾರುವಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. ಆಮೇಲೆ ಒಳಗೆ ಹೋಗಿ ಮಲಗಿದ. ಇನ್ನು ಮಗ್ಗದ ಒಂದು ಗುರುತೂ ಉಳಿಯಲಿಲ್ಲ ಎಂದು ನಾನು ಕೈ ಝಾಡಿಸಿಕೊಂಡೆ. ಆಮೇಲೆ ನೆಲ ಒಣಗಿದೆಯೋ ಇಲ್ಲವೋ ಎಂಬ ಪರೀಕ್ಷೆ. ಒಂದು ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ ಇಡೀ ದಿನ ಬಿಡಬೇಕು. ಕೆಳಗೆ ಬೆವರು ಕೂಡದಿದ್ದರೆ ನೆಲ ಒಣಗಿದೆ ಎಂದು ಅರ್ಥ. ಬಿಡಬೇಕು ಎಂದರೆ ನಾನು ಬಿಡುತ್ತೇನೆಯೇ? ನಾನು ಮೂಲೆ ಎತ್ತಿ ಎತ್ತಿ ನೋಡಿ ಆ ಟೇಪಿನ ಅಂಟೆಲ್ಲ ಹೋಯಿತು. ಕೊನೆಗೆ ಕಸ್ತೂರಿ ಅದರ ನಾಲ್ಕು ಮೂಲೆಗೂ ನಾಲ್ಕು ಕಲ್ಲು ಹೇರಿದಳು. ನಾನು ಐದನೆಯ ಕಡೆಯಿಂದ ಇಣುಕಿದೆ.

ಬಳಿಯುವ ದಿನ ಬಂತು. ಬೇಸಿಗೆ, ಹಾಗಾಗಿ ಬಿಸಿಲು ಇಳಿದ ಮೇಲೆ ಶುರು ಮಾಡಿದೆವು. ಓಣಿಯ ಜನ ಹೊರಗೆ ಕಟ್ಟೆಯ ಮೇಲೆ ಕೂತರು. ಶ್ರೀಶೈಲ ಎರಡನ್ನೂ ಕೂಡಿಸಿ ಕಲಕಿದ. ಬಕೆಟ್ಟಿಗೆ ಅಂಗೈ ಹಚ್ಚಿ ನೋಡಿದೆ, ಖರೇನೇ ಬೆಚ್ಚಗಾಗುತ್ತಿತ್ತು! ಒಳಗೆ ಏನೋ ಜೀವ ಬಂದ ಹಾಗೆ. ನಾನು ಅದನ್ನೇ ನೋಡುತ್ತ, ಕಾವು ಎಷ್ಟೆಷ್ಟು ಏರುತ್ತದೆಂದು ಗಮನಿಸುತ್ತ ಕೂತೆ. "ಮಾಮಾ, ಬಳಿಯೋಣೇನು, ಇಲ್ಲಾ ಅದಕ್ಕ ಜ್ವರ ನೋಡ್ಕೋತ ಕೂಡತೀರಿ?" ಎಂದು ಶ್ರೀಶೈಲ ಕೂಗಿದ. ಗಡಿಬಿಡಿಯಲ್ಲಿ ಸುರಿದೆವು, ಎಳೆದೆವು, ಹಿಂದೆ ಹಿಂದೆ ಸರಿಯುತ್ತ ಒಳಬಾಗಿಲಿನವರೆಗೆ ಬಂದೆವು. ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಯಿತು. ಲೈಟಿನ ಬೆಳಕು ನೆಲದಲ್ಲಿ ನೀರಿನಲ್ಲಿ ಕಂಡಂತೆ ಕಂಡಿತು. ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತು "ಛಲೋ ಆತು ಬಿಡ್ರಿ" ಎಂದರು. ಕಸ್ತೂರಿ ಬಾಗಿಲಲ್ಲಿ ನಿಂತು ನೋಡಿದಳು. ಸೀರೆ ಜೋಳದ ಚೀಲದ ಮೇಲೇ ಉಳಿಯಿತು ಎಂದು ಅವಳ ಮುಖವೇ ಹೇಳುತ್ತಿತ್ತು. ನನಗೆ ಒಂದು ಗಳಿಗೆ ಪಾಪ ಎನಿಸಿತು, ಒಂದೇ ಗಳಿಗೆ. ಬಕೆಟ್ಟಿನ ತಳದಲ್ಲಿ ಉಳಿದಿದ್ದು ಕಲಕುವ ಕೋಲನ್ನೂ ಹಿಡಿದುಕೊಂಡೇ ಕಲ್ಲಾಗಿತ್ತು. ಆ ಗಳಿಗೆ ಮಾತ್ರ ನನ್ನ ಕಣ್ತಪ್ಪಿಸಿ ಹೋಗಿತ್ತು.

ಇನ್ನು ಒಂದು ದಿನ ಯಾರೂ ಕಾಲಿಡಬಾರದು, ಒಂದು ವಾರ ಕಾರು ತರಬಾರದು. ಬೆಕ್ಕಿದೆ, ನಾಯಿಯಿದೆ, ಓಣಿಯ ಮಂದಿಯಿದ್ದಾರೆ. ಕಾವಲಿಗೆ ಯಾರು? "ನಾ ಅದೇನಿ" ಎಂದ ಅಪ್ಪ. ಒಳಬಾಗಿಲಿನ ಹೊಸ್ತಿಲಿಗೆ ಅಡ್ಡವಾಗಿ ತಾನು ಮಲಗುವ ಹೊರಸು ಹಾಕಿಸಿಕೊಂಡು, ಬಡಿಗೆ ಹಿಡಿದು ಕೂತ. ಅಂಥ ಕಾವಲುಗಾರನನ್ನು ನಾನು ಕಂಡಿಲ್ಲ. ಬೆಕ್ಕು ಓಡಿತು. ನೋಡಲು ಬಂದ ಪಕ್ಕದ ಮನೆಯವರನ್ನು ದೂರದಿಂದಲೇ ಕಳಿಸಿದ. ಊಟವಾದ ಮೇಲೆ ನಾನು ಮೆಲ್ಲಗೆ, ಒಂದೇ ಒಂದು ಬೆರಳು, ಅಂಚಿಗೆ ಮಾತ್ರ, ಎಂದುಕೊಂಡು ಬಗ್ಗಿದೆ. ಬೆರಳು ನೆಲ ಮುಟ್ಟುವ ಮೊದಲೇ ಬಡಿಗೆಯ ತುದಿ ನನ್ನ ಮಣಿಕಟ್ಟಿಗೆ ತಾಗಿತು. "ನೀನಽ ಮೊದಲನೇ ಕಳ್ಳ ಅಂತ ನನಗ ಗೊತ್ತಿತ್ತಲೇ. ಹೆಸರಕಾಳು ಕೊಂದ ಮಗಾ, ಹೋಗಿ ಮಲಕೋ" ಎಂದ. ಅಪ್ಪ ಹಿಡಿದ ಕಾವಲಿಗೆ ನನ್ನ ನೆಲ ಕ್ಷೇಮ ಎಂದುಕೊಂಡು ಹೋಗಿ ಮಲಗಿದೆ.

ಬೆಳಿಗ್ಗೆ ಎದ್ದವನು ಮುಖ ಸಹ ತೊಳೆಯದೆ ಓಡಿದೆ. ನೆಲವೆಲ್ಲ ಬಿಳಿ ಚುಕ್ಕಿ! ಸಣ್ಣವು, ದೊಡ್ಡವು, ಮಂಜು ಹಿಡಿದಂತೆ ಬೆಳ್ಳಗಾದ ಚುಕ್ಕಿಗಳು. ಎಪಾಕ್ಸಿ ಹಸಿಯಿರುವಾಗ ನೀರು ಬಿದ್ದರೆ ಹೀಗಾಗುತ್ತದೆಂದು ಡಬ್ಬಿಯ ಮೇಲೇ ಬರೆದಿತ್ತು. "ಅಪ್ಪಾ, ಯಾರ ಬಂದಿದ್ರು ಇಲ್ಲಿ?" ಎಂದು ಕಿರುಚಿದೆ. ಹೊರಸಿನ ಮೇಲೆ ಕೂತಿದ್ದ ಅಪ್ಪ ಅಷ್ಟೇ ಜೋರಾಗಿ "ಯಾವ ಮಗನೂ ಬಂದಿಲ್ಲ. ಬೆಕ್ಕಿನ್ನ ಸುದ್ದಾ ಬಿಟ್ಟಿಲ್ಲ" ಎಂದ. ನಾಯಿಯ ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕಸ್ತೂರಿ ಬಂದಳು. ನೆಲ ನೋಡಿದಳು, ಅಪ್ಪನನ್ನು ನೋಡಿದಳು. "ಮಾವಾರ, ಕೈಯಾಗ ಏನ್ರಿ ಅದು?" ಎಂದಳು, ಎಂದಿಗಿಂತ ಮೆಲ್ಲಗೆ. ಅಪ್ಪ ತನ್ನ ಕೈ ನೋಡಿಕೊಂಡ. ಎಡಗೈಯಲ್ಲಿ ತಂಬಿಗೆ. ಅದರ ತಳದಲ್ಲಿ ಇನ್ನೂ ಒಂದಿಷ್ಟು ನೀರು ಉಳಿದಿತ್ತು.

ನೇಕಾರರಲ್ಲದವರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಒಣ ಹವೆಗೆ ಹಾಸಿನ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲಿನ ಎಳೆ ಬೇಗ ಹರಿಯುತ್ತದೆ. ಅದಕ್ಕೆ ಮಗ್ಗ ಶುರು ಮಾಡುವ ಮೊದಲು ನಸುಕಿನಲ್ಲಿ ನೆಲಕ್ಕೆ ನೀರು ಚಿಮುಕಿಸುತ್ತಾರೆ. ನೆಲ ತಂಪಿದ್ದರೆ ಎಳೆ ಮೆತ್ತಗಿರುತ್ತದೆ. ಆದರೆ ಮಗ್ಗದ ಮೇಲೆ ಒಂದು ಹನಿಯೂ ಬೀಳಬಾರದು. ಬಟ್ಟೆಗೆ ಬಿದ್ದರೆ ಕಲೆ, ಕಬ್ಬಿಣಕ್ಕೆ ಬಿದ್ದರೆ ತುಕ್ಕು. ಮೊಳಕಾಲು ನೋವು ಬಂದ ಮೇಲೆ ಅಪ್ಪ ಹೊಸ್ತಿಲಲ್ಲಿ ನಿಂತೇ, ಎರಡು ಮಗ್ಗಗಳ ಸುತ್ತ, ನಡುವಿನ ಸಂದಿಯಲ್ಲಿ ಗುರಿ ಹಿಡಿದು ಚಿಮುಕಿಸುತ್ತಿದ್ದ. ಮಗ್ಗ ಹೋದ ಮೇಲೆ ನಿಲ್ಲಿಸಿರಬೇಕು ಎಂದು ನಾವೆಲ್ಲ ತಿಳಿದಿದ್ದೆವು. ತಿಳಿದಿದ್ದೆವು ಎಂದೂ ಅಲ್ಲ, ಯೋಚಿಸಿಯೇ ಇರಲಿಲ್ಲ. ಖಾಲಿ ಸಿಮೆಂಟು ನಾವು ಏಳುವುದರೊಳಗೆ ಆ ನೀರನ್ನು ಕುಡಿದು ಸುಮ್ಮನಾಗುತ್ತಿತ್ತು. ಕಾರಿನ ಮುಂದಿನ ಗಾಲಿ ಮಾತ್ರ ಒದ್ದೆಯಾಗಿ ಉಳಿಯುತ್ತಿತ್ತು. ನಾಯಿ ಪ್ರತಿಸಲ ತಿರುಗಿ ನಿಂತು ನನಗೆ ಹೇಳುತ್ತಿದ್ದದ್ದೂ ಅದೇ ಇರಬೇಕು.

"ಹಾಸು ಒಣಗಿದ್ರ ಎಳಿ ಹರೀತಾವಲ್ಲೋ" ಎಂದ ಅಪ್ಪ. ಯಾವ ಹಾಸು ಎಂದು ನಾನು ಕೇಳಲಿಲ್ಲ. ಅವನಿಗೇ ಅರ್ಥವಾಗಿ ತಂಬಿಗೆಯನ್ನು ಹೊರಸಿನ ಕೆಳಗೆ ಸರಿಸಿದ. ಕಸ್ತೂರಿ ತಂದ ಚಹಾ ಮುಟ್ಟಲಿಲ್ಲ. ಶ್ರೀಶೈಲನಿಗೆ ಇಂಥ ವೇಳೆಯಲ್ಲಿ ಕೈ ಕಟ್ಟಿ ಕೂರಲು ಬರುವುದಿಲ್ಲ. ಉಜ್ಜುವ ಮಷಿನ್ನಿನ ವಾಯರು ಬಿಚ್ಚುತ್ತ, "ಮಾಮಾ, ಸಂಜಿಗೆ ನೆಲ ಪೂರ್ತಿ ಒಣಗತೈತಿ. ಒಮ್ಮೆ ತಿಕ್ಕಿ ಒಗದ್ರ ಚುಕ್ಕಿ ಮಾಯ. ಡಬ್ಬಿ ಉಳದಾವ, ಇನ್ನೊಂದ ಕೈ ಹೊಡಿಯೂಣು. ಹಾಲಿನಂಗ ಮಾಡಿ ಕೊಡತೇನಿ" ಎಂದ. ನನಗೂ ಸರಿಯೆನಿಸಿತು. ಕಸ್ತೂರಿ ಕೆಡ್ತೋ ಎಂದಿದ್ದಳೇ ಹೊರತು ಮತ್ತೊಮ್ಮೆ ಬಳಿಯಬಾರದು ಎಂದಿರಲಿಲ್ಲವಲ್ಲ!

ಸಂಜೆ ತಿಕ್ಕುವ ಮೊದಲು, ಕಾಯಿಲೆಯ ಮನುಷ್ಯನಲ್ಲವೇ, ನೀರಿನ ಹನಿ ಎಷ್ಟು ದೂರ ಹೋಗಿದೆ ನೋಡೋಣ ಎಂದು ಬಾಗಿಲಲ್ಲಿ ಸ್ಟೂಲು ಹಾಕಿ ಹತ್ತಿದೆ. ಮೇಲಿನಿಂದ ನೋಡಿದವನಿಗೆ ಇಳಿಯಲು ಮನಸ್ಸಾಗಲಿಲ್ಲ. ಚುಕ್ಕಿಗಳು ಎಲ್ಲ ಕಡೆ ಇರಲಿಲ್ಲ. ಗೋಡೆಯ ಕಡೆಗೊಂದು, ಕಿಟಕಿಯ ಕಡೆಗೊಂದು, ಎರಡು ಚೌಕ ಜಾಗಗಳಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಅಲ್ಲಿ ಮಾತ್ರ ಥೇಟ್ ವಿಡಿಯೋದಲ್ಲಿ ಕಂಡಂಥ ಕನ್ನಡಿ. ನಡುವೆ ಚುಕ್ಕಿ ತುಂಬಿದ ಕಿರಿದಾದ ಸಂದಿ. ಚಿಕ್ಕವನಿದ್ದಾಗ ಅಪ್ಪನಿಗೆ ಚಹಾ ಕೊಡಲು ನಾನು ಅಡ್ಡಡ್ಡ ನಡೆದು ದಾಟುತ್ತಿದ್ದ ಸಂದಿ. ನಾವು ಬೋಲ್ಟು ಕತ್ತರಿಸಿ, ಲಪ್ಪ ತುಂಬಿ, ಬಣ್ಣ ಬಳಿದು ಅಳಿಸಿದ್ದ ಎರಡು ಮಗ್ಗಗಳು ಇದ್ದಲ್ಲೇ ಇದ್ದವು. ನಸುಕಿನ ಕತ್ತಲಲ್ಲಿ, ಅರೆನಿದ್ದೆಯಲ್ಲಿ, ಇಲ್ಲದ ಮಗ್ಗಕ್ಕೆ ಒಂದು ಹನಿ ತಾಗಿಸದೆ ಅಪ್ಪ ಸುತ್ತಲೂ ನೀರು ಹಾಕಿದ್ದ. ಸ್ಟೂಲಿನ ಮೇಲೆ ನಿಂತೇ ಒಂದೊಂದು ಮಗ್ಗದ ನಾಲ್ಕು ಮೂಲೆಗಳನ್ನು ಬೆರಳಿನಿಂದ ಎಣಿಸಿದೆ.

ಹಿಂದಿನಿಂದ ಅಪ್ಪ ಬಂದು ನಿಂತಿದ್ದ. "ಈಶ್ವರಾ, ನನ್ನ ಕೈಲೇ ನಿನ್ನ ಗ್ಯಾರೇಜ ಕೆಡ್ತಲೋ" ಎಂದ. ನಾಲ್ಕು ವರ್ಷ ಯಾರ ಬಾಯಿಂದಲಾದರೂ ಕೇಳಬೇಕೆಂದು ನಾನು ಹಂಬಲಿಸಿದ್ದ ಮಾತು ಅದು. ಕಿವಿಗೆ ಅಷ್ಟು ಕೆಟ್ಟದಾಗಿ ಯಾವ ಮಾತೂ ಬಿದ್ದಿರಲಿಲ್ಲ. ಶ್ರೀಶೈಲ ಮಷಿನ್ನಿನ ಸ್ವಿಚ್ಚಿಗೆ ಕೈ ಹಾಕಿದ್ದ. "ಬಂದ್ ಮಾಡೋ ಅದನ್ನ!" ಎಂದು ನಾನು ಕೂಗಿದ ಕೂಗಿಗೆ ಕಟ್ಟೆಯ ಮೇಲಿನವರು ಒಳಗೆ ಯಾರಿಗೋ ಕರೆಂಟು ಹೊಡೆಯಿತೆಂದು ಓಡಿ ಬಂದರು. ಅಪ್ಪನನ್ನು ನಿಧಾನವಾಗಿ ಸ್ಟೂಲಿನ ಮೇಲೆ ಹತ್ತಿಸಿ, ನಾನೂ ಶ್ರೀಶೈಲನೂ ಎರಡು ಕಡೆ ಹಿಡಿದುಕೊಂಡೆವು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಗಂಭೀರವಾಗಿ ಕಿಟಕಿಯ ಕಡೆ ಬೆರಳು ತೋರಿಸಿ, "ಆ ಮೂಲ್ಯಾಗ ಒಂದ ಹನಿ ಮಗ್ಗದ ಮ್ಯಾಲ ಬಿದ್ದೈತಿ ನೋಡು. ಕೈ ನಡಗತೈತಿ ಈಗ" ಎಂದ. ಇಳಿದು ಬಂದು ಆರಿದ ಚಹಾವನ್ನೇ ಕುಡಿದ.

ಒಂದು ವಾರ ಕಳೆಯಿತು. ಕಸ್ತೂರಿ ಪಂದ್ಯದ ಮಾತನ್ನೇ ಎತ್ತಲಿಲ್ಲ. ಕೆಟ್ಟಿತೋ, ಕನ್ನಡಿಯಾಯಿತೋ ಎಂದು ಹೇಳುವವರು ಯಾರು? ಪಕ್ಕದ ಮನೆಯ ಸಾಕ್ಷಿಗಳಲ್ಲೇ ಒಮ್ಮತವಿರಲಿಲ್ಲ. ತೀರ್ಪು ಬರುವ ಮೊದಲೇ ಕಬ್ಜಾ ಮಾಡಿಬಿಡುವುದು ಒಳ್ಳೆಯದೆಂದು ಒಂದು ಸಂಜೆ ಶಟರ್ ಎತ್ತಿ ಕಾರನ್ನು ಒಳಗೆ ತಿರುಗಿಸಿದೆ. ನಾಲ್ಕು ವರ್ಷ ಕಣ್ಣು ಮುಚ್ಚಿ ಒಳಗೆ ತಂದ ಕಾರು ಅದು. ಅಂದು ಯಾಕೋ ಸ್ಟೇರಿಂಗು ಅತ್ತ ಇತ್ತ ಎಳೆಯತೊಡಗಿತು. ಗೋಡೆಯ ಕಡೆಯ ಕನ್ನಡಿ ತುಳಿಯಬಾರದು, ಕಿಟಕಿಯ ಕಡೆಯದೂ ತುಳಿಯಬಾರದು, ನಡುವಿನ ಸಂದಿಯಲ್ಲಿ ಸೈಕಲ್ಲೂ ಹಿಡಿಯುವುದಿಲ್ಲ. ಹೊರಸಿನ ಮೇಲಿದ್ದ ಅಪ್ಪ ಎದ್ದು ನಿಂತು ಕೈ ಬೀಸಿ ದಾರಿ ತೋರಿಸತೊಡಗಿದ. "ಬಾ, ಬಾ, ಸ್ವಲ್ಪ ಬಲಕ್ಕ... ಏ ಏ, ತಡೀ! ಮಗ್ಗಕ್ಕ ತಾಕತೈತಿ!"

ನಾನು ಬ್ರೇಕು ತುಳಿದೆ. ಸಣ್ಣಗಲ್ಲ, ತಲೆ ಸ್ಟೇರಿಂಗಿಗೆ ಬಡಿಯುವ ಹಾಗೆ ತುಳಿದೆ. ಕೆಳಗಿಳಿದು, ಬಗ್ಗಿ, ಬಂಪರಿಗೂ ಮಗ್ಗಕ್ಕೂ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಕೈ ಹಾಕಿ ನೋಡಿದೆ. ನೋಡಿದ ಮೇಲೆ, ಅಲ್ಲಿ ಏನೂ ಇಲ್ಲ ಎಂಬುದು ನೆನಪಾಯಿತು. ಅಡಿಗೆ ಮನೆಯ ಬಾಗಿಲಲ್ಲಿ ಕಸ್ತೂರಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನಾನು ಕಾರು ಹಿಂದಕ್ಕೆ ತೆಗೆದೆ. ಮರುದಿನ ಅವಳು ಸೀರೆಗಳನ್ನು ತಂದಳು. ಹರಡುವುದು ಆ ಎರಡು ಕನ್ನಡಿಗಳ ಮೇಲೆ, ಗಿರಾಕಿಗಳು ಕೂರುವುದು ಚುಕ್ಕಿಯ ಮೇಲೆ. ಅಪ್ಪ ಹೊರಸಿನ ಮೇಲೆ ಕೂತು ಯಾವ ದಡಿಗೆ ಯಾವ ಸೆರಗು ಎಂದು ಬಂದವರಿಗೆಲ್ಲ ಕೂಗಿ ಹೇಳುತ್ತಾನೆ. ನಸುಕಿನಲ್ಲಿ ನೀರು ಚಿಮುಕಿಸುವುದನ್ನು ಬಿಟ್ಟಿಲ್ಲ. ಈಗ ನೆಲ ಕಲ್ಲಾಗಿದೆ, ಏನೂ ಆಗುವುದಿಲ್ಲ. ಕಸ್ತೂರಿ ಸೀರೆ ಹರಡುವ ಮೊದಲು ಒಮ್ಮೆ ಒರೆಸುತ್ತಾಳೆ.

ನನ್ನ ಕಾರು ಬೀದಿಯ ಬೇವಿನ ಮರದ ಕೆಳಗೆ ನಿಲ್ಲುತ್ತದೆ. ಬೆಳಿಗ್ಗೆ ನೋಡಿದರೆ ಮುಂದಿನ ಗಾಲಿ ಈಗಲೂ ಒದ್ದೆ. ಈ ಸಲ ಮಾತ್ರ ಆ ಕಂದು ನಾಯಿಯದೇ ಕೆಲಸ, ಕಣ್ಣಾರೆ ಕಂಡಿದ್ದೇನೆ. ನನ್ನ ಎದುರಿಗೇ ಬರುತ್ತದೆ, ಸಾವಕಾಶ ಕಾಲೆತ್ತುತ್ತದೆ, ಮುಗಿಸಿ ತಿರುಗಿ ನಿಂತು ನನ್ನ ಮುಖ ನೋಡುತ್ತದೆ. ನಾನೀಗ ಗದರಿಸುವುದಿಲ್ಲ. ನಾಲ್ಕು ವರ್ಷ ಅದು ಮಾಡದ ತಪ್ಪಿಗೆ ಬೈಸಿಕೊಂಡಿದೆ. ಆ ಬಾಕಿ ತೀರುವವರೆಗೆ ಕಾಯುತ್ತೇನೆ.